ಮಾವನವರ ಕಡತಗಳು ಮತ್ತು ಎರಡು ಹಾರ್ಡ್ ಡಿಸ್ಕ್

ಮೇ ತಿಂಗಳು ಮುಗಿಯುತ್ತ ಬಂದರೆ ಸಾಗರ ಸೀಮೆಯ ತೋಟದ ಮನೆಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಸೌದೆ ಕೊಟ್ಟಿಗೆ ಸೇರಬೇಕು, ಮಾಡಿನ ಹಂಚು ಕೈಯಾಡಿಸಬೇಕು, ಹಪ್ಪಳ ಸಂಡಿಗೆ ಡಬ್ಬಿಗೆ ತುಂಬಬೇಕು, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ತಂದಿಡಬೇಕು. ಈ ಸಲ ಆ ಪಟ್ಟಿಯ ಕೊನೆಯಲ್ಲಿ ‘ಕಂಪ್ಯೂಟರ್ ಬ್ಯಾಕಪ್’ ಎಂದು ಬರೆದವಳು ನಾನು. ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಓದಿ, “ಇದಕ್ಕೂ ಮದ್ದು ಹೊಡೆಯುವುದಿದೆಯೇನೇ?” ಎಂದು ಕೇಳಿದರು.

ಕಾರಣವಿತ್ತು. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಒಂದು ಸಂಜೆ ಗದ್ದೆಯಾಚೆಯ ಮನೆಯ ತೆಂಗಿನ ಮರಕ್ಕೆ ಸಿಡಿಲು ಬಡಿದಿತ್ತು. ಮನುಷ್ಯರಿಗೆ ಏನೂ ಆಗಲಿಲ್ಲ. ಆದರೆ ಮನೆಯೊಳಗಿನ ಟಿವಿ, ಮೋಡೆಮ್, ಕಂಪ್ಯೂಟರ್ ಮೂರೂ ಒಟ್ಟಿಗೆ ಹೋದವು. ಇಂಟರ್‌ನೆಟ್ ಈಗ ಫೈಬರಿನಲ್ಲಿ ಬರುತ್ತದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಟೆಲಿಫೋನ್ ತಂತಿಯ ಕಾಲದ ಹೆದರಿಕೆ ಇನ್ನಿಲ್ಲ ಎಂದು ಧೈರ್ಯ ಹೇಳುವವರಿದ್ದಾರೆ. ಫೈಬರಿನ ಮಟ್ಟಿಗೆ ಮಾತು ನಿಜ. ಮೋಡೆಮ್ಮಿನ ಅಡಾಪ್ಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿಯೇ ಇರುತ್ತದೆ, ಅಲ್ಲಿಂದ ಕಂಪ್ಯೂಟರಿಗೆ ಹೋಗುವ ಕೇಬಲ್ ತಾಮ್ರದ್ದೇ.

ಆ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಬಿಚ್ಚಿ ನೋಡಿದ ದುರಸ್ತಿಯವರು ಹೇಳಿದ್ದನ್ನು ನಾನೂ ನಿಂತು ಕೇಳಿದೆ. ಡಿಸ್ಕಿನ ತಳದ ಸರ್ಕ್ಯೂಟ್ ಬೋರ್ಡ್ ಸುಟ್ಟಿದೆ. ಅದೇ ಮಾದರಿಯ ಬೇರೆ ಬೋರ್ಡ್ ಹಾಕಿದರೆ ಸಾಲದು, ಪ್ರತಿ ಡಿಸ್ಕಿಗೂ ಅದರದೇ ಹೊಂದಾಣಿಕೆಯ ಮಾಹಿತಿ ಒಂದು ಪುಟ್ಟ ಚಿಪ್ಪಿನಲ್ಲಿರುತ್ತದೆ, ಅದನ್ನು ಹಳೆಯ ಬೋರ್ಡಿನಿಂದ ಕಿತ್ತು ಹೊಸದಕ್ಕೆ ಬೆಸುಗೆ ಹಾಕಬೇಕು. ಆ ಕೆಲಸಕ್ಕೆ ಬೆಂಗಳೂರಿಗೇ ಕಳಿಸಬೇಕು, ಖರ್ಚು ಹೊಸ ಕಂಪ್ಯೂಟರಿನ ಬೆಲೆಯನ್ನು ಮೀರಿದರೂ ಮೀರೀತು, ಸಿಕ್ಕೇ ಸಿಗುತ್ತದೆ ಎಂದು ಹೇಳುವಂತಿಲ್ಲ. “ಡಿ ಡ್ರೈವಿನಲ್ಲಿ ಎಲ್ಲದರ ಇನ್ನೊಂದು ಪ್ರತಿ ಇಟ್ಟಿದ್ದೆವಲ್ಲ” ಎಂದರು ಆ ಮನೆಯ ಯಜಮಾನರು. ಈ ಮಾತನ್ನು ನಮ್ಮ ಊರಿನಲ್ಲಿ ಎಷ್ಟು ಜನರಿಂದ ಕೇಳಿದ್ದೇನೋ. ಅಂಗಡಿಯವರು ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿ ಕೊಟ್ಟಿರುತ್ತಾರೆ. ಪರದೆಯ ಮೇಲೆ ಮೂರು ಪೆಟ್ಟಿಗೆಗಳಂತೆ ಕಾಣುತ್ತದೆ. ವಿಂಡೋಸ್ ಕೆಟ್ಟು ಮತ್ತೆ ಹಾಕುವಾಗ ಸಿ ಅಳಿದರೂ ಡಿ ಉಳಿಯುತ್ತದೆ, ಅಷ್ಟು ಉಪಯೋಗ ಅದಕ್ಕಿದೆ. ಸಿಡಿಲಿಗೆ ಡಿಸ್ಕೇ ಹೋದಾಗ ಎಲ್ಲ ಅಕ್ಷರಗಳೂ ಒಟ್ಟಿಗೆ ಹೋಗುತ್ತವೆ.

ನಮ್ಮ ಮನೆಯ ಕಂಪ್ಯೂಟರ್ ಮಾವನವರದು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಅರವತ್ತು ದಾಟಿದ ಮೇಲೆ ಕೀಲಿಮಣೆ ಕಲಿತು, ಊರಿನ ಹಳೆಯ ಕೈಬರಹದ ಪುಸ್ತಕಗಳಿಂದ ಯಕ್ಷಗಾನ ಪ್ರಸಂಗಗಳ ಪದ್ಯಗಳನ್ನು ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತ ಕೂರುತ್ತಿದ್ದರು. ತೋಟದ ಲೆಕ್ಕ, ಮನೆತನದ ವಂಶಾವಳಿ, ಊರ ಕೆರೆಯ ಬಗ್ಗೆ ಬರೆದ ಟಿಪ್ಪಣಿ, ಯಾರ್ಯಾರಿಗೋ ಬರೆದ ಪತ್ರ, ಎಲ್ಲವೂ ಅದರೊಳಗೇ. ಅವರ ನಂತರ ಕುರ್ಚಿ ನನ್ನದಾಯಿತು. ಮಂಡಿಯ ಪಟ್ಟಿಗಳು, ಮಗಳ ಅಂಕಪಟ್ಟಿ, ಎಲ್ಲರ ಮೊಬೈಲಿನಿಂದ ಇಳಿಸಿದ ಫೋಟೊಗಳು ಅದರ ಮೇಲೆ ಪದರ ಪದರವಾಗಿ ಕೂತಿವೆ. ಯಂತ್ರದಲ್ಲಿರುವುದು 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ವಿಂಡೋಸ್ 10. ಬದಲಿಸಬೇಕೆಂಬ ಮಾತು ಮನೆಯಲ್ಲಿ ಆಗಾಗ ಬರುತ್ತದೆ, ಅಡಿಕೆ ದರ ಇಳಿದಾಗ ಹೋಗುತ್ತದೆ.

ಎಲ್ಲವನ್ನೂ ಒಮ್ಮೆಗೇ ನಕಲು ಮಾಡಿಬಿಡುವುದು ಸುಲಭ ಎಂದು ಇವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಏನು ಹೋದರೆ ಮತ್ತೆ ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಮೊದಲು ಬೇರೆ ಮಾಡಬೇಕೆನಿಸಿತು. ಕೂತು ನೋಡಿದಾಗ, ಮನೆಯವರು ‘ಮುಖ್ಯ’ ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದ ಬಹುಪಾಲು ಕಾಗದಗಳು ಮತ್ತೆ ಸಿಗುವಂಥವೇ ಆಗಿದ್ದವು. ಪಹಣಿಯನ್ನು ಭೂಮಿ ಜಾಲತಾಣದಿಂದ ಶುಲ್ಕ ಕಟ್ಟಿ ಯಾವಾಗ ಬೇಕಾದರೂ ತೆಗೆಯಬಹುದು. ಆಧಾರ್, ಪ್ಯಾನ್, ವಾಹನ ಚಾಲನಾ ಪರವಾನಗಿ ಡಿಜಿಲಾಕರಿನಲ್ಲಿವೆ. ನೋಂದಾಯಿತ ಕ್ರಯಪತ್ರ, ವಿಭಾಗಪತ್ರಗಳ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಿಂದ ಸಿಗುತ್ತದೆ. ಓಡಾಟವಾದೀತು, ಆದರೂ ಸಿಗುತ್ತದೆ. ‘ಇತರೆ’ ಎಂಬ ಫೋಲ್ಡರಿನಲ್ಲಿ ಬಿದ್ದಿದ್ದ ಮಾವನವರ ಪದ್ಯಗಳು, ಅತ್ತೆಯವರ ತಾಯಿಯ ಒಂದೇ ಒಂದು ಫೋಟೊದ ಸ್ಕ್ಯಾನ್, ಕ್ಯಾಸೆಟ್ಟಿನಿಂದ ಇಳಿಸಿದ್ದ ತಾಳಮದ್ದಲೆಯ ಧ್ವನಿಮುದ್ರಣ, ಇವು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಫೋಲ್ಡರುಗಳ ಹೆಸರನ್ನು ಅಲ್ಲಿಯೇ ಅದಲು ಬದಲು ಮಾಡಿದೆ.

ಫೋಟೊಗಳದೇ ದೊಡ್ಡ ರಗಳೆ. ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರ ಕುಗ್ಗಿರುತ್ತದೆ, ತೆಗೆದ ದಿನಾಂಕದಂಥ ಒಳಗಿನ ಮಾಹಿತಿಯೂ ಅಳಿದಿರುತ್ತದೆ. ಮೂಲ ಚಿತ್ರ ಕ್ಯಾಮೆರಾ ಫೋಲ್ಡರಿನಲ್ಲಿದ್ದರೆ ವಾಟ್ಸ್‌ಆ್ಯಪಿನದನ್ನು ಅಳಿಸಬಹುದು. ಆದರೆ ನೆಂಟರು ತೆಗೆದು ಕಳಿಸಿದ ಚಿತ್ರಕ್ಕೆ ನಮ್ಮಲ್ಲಿ ಮೂಲವೆಲ್ಲಿ? ಅದನ್ನು ಉಳಿಸಲೇಬೇಕು. ಶುಭೋದಯದ ಗುಲಾಬಿ ಹೂಗಳನ್ನೆಲ್ಲ ಕಿತ್ತುಹಾಕಿದ ಮೇಲೆ ಒಟ್ಟು ಗಾತ್ರ ಸುಮಾರು 300 ಜಿಬಿಗೆ ಇಳಿಯಿತು. ಮಾವನವರ ಇಡೀ ಬರವಣಿಗೆ ಅದರಲ್ಲಿ ಒಂದು ಜಿಬಿಯೂ ಇರಲಿಲ್ಲ.

ಶಿವಮೊಗ್ಗಕ್ಕೆ ಹೋದಾಗ ನೆಹರೂ ರಸ್ತೆಯಲ್ಲಿ ಎರಡು ಹೊರ ಹಾರ್ಡ್ ಡಿಸ್ಕ್ ಕೊಂಡೆವು, ಒಂದೊಂದು ಟೆರಾಬೈಟಿನದು, ಬೇಕೆಂದೇ ಬೇರೆ ಬೇರೆ ಕಂಪನಿಯದು. ಒಂದೇ ಕಂಪನಿಯ ಒಂದೇ ತಂಡದಲ್ಲಿ ತಯಾರಾದವು ಒಂದೇ ದೋಷ ಹೊತ್ತು ಬಂದಿದ್ದರೆ ಒಂದೇ ಕಾಲಕ್ಕೆ ಕೈಕೊಡಬಹುದು. ಅಂಗಡಿಯ ಹುಡುಗ ಒಳಗೆ ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ತೆಗೆದುಕೊಳ್ಳಿ, ಬಿದ್ದರೂ ಒಡೆಯುವುದಿಲ್ಲ, ವೇಗವೂ ಹೆಚ್ಚು ಎಂದು ಒತ್ತಾಯಿಸಿದ. ದಿನವೂ ಬಳಸುವ ಕಂಪ್ಯೂಟರಿನ ಒಳಗೆ ಅದೇ ಒಳ್ಳೆಯದು. ಕಪಾಟಿನಲ್ಲಿ ಸುಮ್ಮನೆ ಇಡುವುದಕ್ಕೆ ನನಗೆ ಬೇಡವಾಗಿತ್ತು: ಎಸ್‌ಎಸ್‌ಡಿ, ಪೆನ್‌ಡ್ರೈವ್ ಎರಡರಲ್ಲೂ ಮಾಹಿತಿ ನಿಂತಿರುವುದು ಪುಟ್ಟ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶದ ರೂಪದಲ್ಲಿ, ವರ್ಷಗಟ್ಟಲೆ ಕರೆಂಟು ಕೊಡದೆ ಇಟ್ಟರೆ ಅದು ಸೋರುತ್ತ ಹೋಗುತ್ತದೆ. ತಿರುಗುವ ಡಿಸ್ಕಿನಲ್ಲಿ ಕಾಂತೀಯ ಗುರುತು ಅದಕ್ಕಿಂತ ತಾಳಿಕೆಯದು, ಬೆಲೆಯೂ ಕಡಿಮೆ. ಮನೆಗೆ ತಂದು ಜೋಡಿಸಿದಾಗ 931 ಜಿಬಿ ಎಂದು ತೋರಿಸಿತು. “ಉಳಿದ 69 ಎಲ್ಲಿ? ಮಂಡಿಯಲ್ಲಿ ತೂಕ ಕಡಿತ ಮಾಡುವ ಹಾಗೆ ಇವರೂ ಮಾಡಿದರೇ?” ಎಂದರು ಇವರು. ಕಡಿತವೇನಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ನಕಲು ಮಾಡುವ ಕೆಲಸಕ್ಕೆ ಬೆಳಗಿನ ಹೊತ್ತನ್ನೇ ಆರಿಸಿಕೊಂಡೆ. ಮುಂಗಾರಿಗೆ ಮುಂಚಿನ ಗುಡುಗು ನಮ್ಮ ಕಡೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಕಂಪ್ಯೂಟರಿನ ಮುಂಭಾಗದ ಯುಎಸ್‌ಬಿ ಕಿಂಡಿಗಳು ಹಳೆಯ ಎರಡನೆಯ ಆವೃತ್ತಿಯವು, ಸೆಕೆಂಡಿಗೆ ಮೂವತ್ತು ಚಿಲ್ಲರೆ ಎಂಬಿ ದಾಟುವುದಿಲ್ಲ. ಹಿಂಭಾಗದಲ್ಲಿ ನೀಲಿ ನಾಲಗೆಯ ಮೂರನೆಯ ಆವೃತ್ತಿಯ ಕಿಂಡಿ ಇತ್ತು, ಅದಕ್ಕೆ ಹಾಕಿದ ಮೇಲೆ ಕೆಲಸ ಸರಸರನೆ ಸಾಗಿತು. ತಾಳಮದ್ದಲೆಯ ದೊಡ್ಡ ಕಡತಗಳು ಬೇಗ ಹೋಗುತ್ತವೆ. ಸಾವಿರಾರು ಚಿಕ್ಕ ಫೋಟೊಗಳೇ ಎಳೆಯುವುದು. ನಡುವೆ ಕರೆಂಟು ಹೋಯಿತು. ಗಾಳಿಗೆ ಕೊಂಬೆ ಬಿದ್ದರೆ ಹೋಗುವುದೇ, ಅದರಲ್ಲಿ ಹೊಸತೇನಿಲ್ಲ. ಯುಪಿಎಸ್ ಇರುವುದು ಕಂಪ್ಯೂಟರ್ ಓಡಿಸುವುದಕ್ಕಲ್ಲ, ನಕಲನ್ನು ನಿಲ್ಲಿಸಿ ಡಿಸ್ಕನ್ನು ಸುರಕ್ಷಿತವಾಗಿ ಬೇರ್ಪಡಿಸಿ ಯಂತ್ರ ಆರಿಸುವಷ್ಟು ಸಮಯಕ್ಕೆ. ಬರೆಯುತ್ತಿರುವಾಗಲೇ ಡಿಸ್ಕಿನ ಕರೆಂಟು ತಪ್ಪಿದರೆ ಆ ಒಂದು ಕಡತ ಮಾತ್ರವಲ್ಲ, ಯಾವ ಕಡತ ಎಲ್ಲಿದೆ ಎಂಬ ಡಿಸ್ಕಿನ ದಾಖಲೆಯೇ ಕೆಡಬಹುದು.

ತಂತ್ರಾಂಶದ ವಿಷಯಕ್ಕೆ ಬಂದರೆ, ವಿಂಡೋಸ್ 8ರಿಂದ ಈಚೆಗೆ ಫೈಲ್ ಹಿಸ್ಟರಿ ಎಂಬುದು ಜೊತೆಗೇ ಬರುತ್ತದೆ. ಬದಲಾದ ಕಡತಗಳನ್ನು ಗಂಟೆಗೊಮ್ಮೆ ನಕಲು ಮಾಡಿ ಹಳೆಯ ರೂಪಗಳನ್ನೂ ಉಳಿಸಿಕೊಳ್ಳುತ್ತದೆ. ಆದರೆ ಅದು ತಾನಾಗಿ ನೋಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ನಿಗದಿತ ಜಾಗಗಳನ್ನು. ಡಿ ಡ್ರೈವಿನ ಫೋಲ್ಡರುಗಳನ್ನು ನಾವೇ ಸೇರಿಸಬೇಕು. ಎಲ್ಲವನ್ನೂ ಡಿಯಲ್ಲಿಯೇ ಇಡುವ ನಮ್ಮಂಥವರು ಇದನ್ನು ಗಮನಿಸದಿದ್ದರೆ ವರ್ಷಗಟ್ಟಲೆ ಖಾಲಿ ಡೆಸ್ಕ್‌ಟಾಪಿನ ಬ್ಯಾಕಪ್ ಆಗುತ್ತಿರುತ್ತದೆ. ನಾನು ಕೊನೆಗೆ ಫ್ರೀಫೈಲ್‌ಸಿಂಕ್ ಎಂಬ ಉಚಿತ ತಂತ್ರಾಂಶಕ್ಕೆ ಒಗ್ಗಿಕೊಂಡೆ. ಎಡಗಡೆ ಕಂಪ್ಯೂಟರ್, ಬಲಗಡೆ ಡಿಸ್ಕ್, ನಡುವೆ ಯಾವುದು ಯಾವ ದಿಕ್ಕಿಗೆ ಹೋಗುತ್ತದೆ ಎಂಬ ಬಾಣ. ಒತ್ತುವ ಮೊದಲು ಏನಾಗಲಿದೆ ಎಂದು ಕಣ್ಣಿಗೆ ಕಾಣುತ್ತದೆ, ಅದು ನನಗೆ ಮುಖ್ಯ.

ಇದರಲ್ಲಿ ಕನ್ನಡಿಯಂತೆ ಎರಡೂ ಕಡೆ ಒಂದೇ ಮಾಡುವ ಆಯ್ಕೆಯೊಂದಿದೆ. ಹೆಸರಿಗೆ ಮರುಳಾಗಿ ಹಲವರು ಅದನ್ನೇ ಒತ್ತುತ್ತಾರೆ. ಕಂಪ್ಯೂಟರಿನಲ್ಲಿ ಯಾರೋ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದ್ದರೆ ಅದು ಡಿಸ್ಕಿನಿಂದಲೂ ಅಳಿಸುತ್ತದೆ. ಅಳಿಸಿದ್ದನ್ನೂ ಬದಲಾಗಿದ್ದರ ಹಳೆಯ ರೂಪವನ್ನೂ ಬೇರೊಂದು ಫೋಲ್ಡರಿಗೆ ದಿನಾಂಕ ಹಾಕಿ ಸರಿಸಿಡು ಎಂದು ಹೇಳುವ ಅವಕಾಶ ಅದರಲ್ಲಿಯೇ ಇದೆ, ಅದನ್ನು ಹಾಕಿಕೊಂಡೆ. ಮೊಬೈಲಿನಿಂದ ಗೂಗಲಿಗೆ ಫೋಟೊ ತಾನಾಗಿ ಹೋಗುತ್ತದೆ, ಆದ್ದರಿಂದ ಬ್ಯಾಕಪ್ ಇದೆ ಎನ್ನುವವರ ಕತೆಯೂ ಇಂಥದೇ: ಆ ಆ್ಯಪಿನಲ್ಲಿ ಮೊಬೈಲಿನಿಂದ ಅಳಿಸಿದರೆ ಅಲ್ಲಿಂದಲೂ ಹೋಗುತ್ತದೆ, ಕಸದ ಬುಟ್ಟಿಯಲ್ಲಿ ಕೆಲ ದಿನ ಇದ್ದು ಮಾಯವಾಗುತ್ತದೆ.

ಇನ್ನು, ಕೆಲಸ ಮುಗಿದೊಡನೆ ಡಿಸ್ಕನ್ನು ಕಿತ್ತು ತೆಗೆದಿಡಬೇಕು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಜಗತ್ತಿನ ತುಂಬ ಕಂಪ್ಯೂಟರುಗಳ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳಿತಲ್ಲ, ಆ ಜಾತಿಯ ಕುತಂತ್ರಾಂಶಗಳು ಜೋಡಿಸಿಟ್ಟ ಹೊರ ಡಿಸ್ಕನ್ನೂ ಬಿಡುವುದಿಲ್ಲ. ಮಲೆನಾಡಿನಲ್ಲಿ ಸಿಡಿಲಿನ ಕಾರಣವೂ ಸೇರುವುದರಿಂದ ನನಗೆ ಇದನ್ನು ಮನೆಯವರಿಗೆ ಒಪ್ಪಿಸುವುದು ಕಷ್ಟವಾಗಲಿಲ್ಲ. ಮೋಡ ಕಟ್ಟಿದರೆ ಪ್ಲಗ್ ಕೀಳುವುದು ಇಲ್ಲಿ ಮಕ್ಕಳಿಗೂ ಗೊತ್ತು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಒಂದು ಸೂತ್ರವಿದೆ: ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಊರಲ್ಲಿರಲಿ. ಬೇರೆ ಊರು ಎಂದರೆ ನಮಗೆ ಶಿವಮೊಗ್ಗದ ವಿನೋಬನಗರ, ನಾದಿನಿಯ ಮನೆ. ಮೊದಲ ಡಿಸ್ಕ್ ತುಂಬಿಸಿ, ಎರಡನೆಯದಕ್ಕೂ ಅದೇ ನಕಲು ಮಾಡಿ, ಕಡತಗಳನ್ನು ಒಂದೊಂದು ಬೈಟಿನ ಮಟ್ಟದಲ್ಲಿ ಹೋಲಿಸಿ ನೋಡುವ ಪರೀಕ್ಷೆಯನ್ನೂ ಓಡಿಸಿದೆ. ವ್ಯತ್ಯಾಸ ಶೂನ್ಯ. ಒಂದು ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ತಾಳಗುಪ್ಪದಿಂದ ಬರುವ ರೈಲು ಹತ್ತಿದೆ.

ಶಿವಮೊಗ್ಗದಲ್ಲಿ ನಾದಿನಿಯ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಲ್ಯಾಪ್‌ಟಾಪಿಗೆ ಡಿಸ್ಕ್ ಜೋಡಿಸಿ, ಎಲ್ಲ ಬಗೆಯ ಕಡತಗಳನ್ನೂ ಒಂದೊಂದು ತೆರೆದು ನೋಡೋಣ ಎಂದೆ. ನಮ್ಮ ಕಂಪ್ಯೂಟರ್ ನಾಳೆ ಇಲ್ಲವಾದರೆ ಇವು ತೆರೆದುಕೊಳ್ಳಬೇಕಾದದ್ದು ಇಂಥ ಅಪರಿಚಿತ ಯಂತ್ರದಲ್ಲಿಯೇ ತಾನೇ. ಫೋಟೊ ಬಂತು. ಧ್ವನಿ ಬಂತು, ಭಾಗವತರ ಸ್ವರ ಕೇಳಿ ನಾದಿನಿ ಅಡುಗೆ ಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು. ಆಮೇಲೆ ಅವಳೇ, “ಅತ್ತಿಗೆ, ಅಪ್ಪಯ್ಯ ಬರೆದದ್ದು ಯಾವುದಾದರೂ ತೆಗೆಯಿರಿ” ಎಂದಳು. ತೆಗೆದೆವು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಫ್ರೆಂಚ್ ಭಾಷೆಯಲ್ಲಿರುವಂಥ ಗೀಟು, ಚುಕ್ಕಿ, ನಡುವೆ ಪೌಂಡಿನ ಚಿಹ್ನೆ. ಇನ್ನೊಂದು ತೆಗೆದೆವು, ಅದೇ. ಎಲ್ಲವೂ ಅದೇ.

“ಕಡತ ಹಾಳಾಗಿದೆ ಅತ್ತೆ” ಎಂದ ಹುಡುಗ. ಹಾಳಾಗಿರಲಿಲ್ಲ. ಒಂದು ಬೈಟೂ ವ್ಯತ್ಯಾಸವಿಲ್ಲ ಎಂದು ಮನೆಯಲ್ಲಿಯೇ ನೋಡಿಯಾಗಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ನುಡಿಯ ಅಕ್ಷರಶೈಲಿ, ಅಂದರೆ ಫಾಂಟ್, ಇರಲಿಲ್ಲ, ಅಷ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕರ್ನಾಟಕದಲ್ಲಿ 2000ದ ಆಸುಪಾಸಿನಿಂದ ಹತ್ತು ಹದಿನೈದು ವರ್ಷ ಕಂಪ್ಯೂಟರಿನಲ್ಲಿ ಬರೆದ ಬಹಳಷ್ಟು ಮನೆಗಳಲ್ಲಿ ಇಂಥ ಕಡತಗಳಿವೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ತನ್ನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಆದರೆ ಸಾಮಾನ್ಯರ ಯಂತ್ರಗಳಿಗೆ ಅದು ಇಳಿದು ಬರಲು ವರ್ಷಗಳೇ ಹಿಡಿದವು. ಆ ಹೊತ್ತಿನಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಮುದ್ರಣಾಲಯಗಳ ಶ್ರೀಲಿಪಿ ಇವು ಜನರ ಕೈಗೆ ಕನ್ನಡ ಕೊಟ್ಟವು. ಅವು ಹಿಡಿದ ಉಪಾಯ ಜಾಣತನದ್ದು: ಇಂಗ್ಲಿಷ್ ಅಕ್ಷರಗಳಿಗೆ ಇದ್ದ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿದ್ದು. ನುಡಿಯಲ್ಲಿ ದೊಡ್ಡ ‘ಪಿ’ಯ ಮನೆಯಲ್ಲಿ ತಲೆಕಟ್ಟಿಲ್ಲದ ‘ಕ’ಕಾರದ ಒಡಲು, ತಲೆಕಟ್ಟು ಇನ್ನೊಂದು ಮನೆಯಲ್ಲಿ. ಎರಡೂ ಸೇರಿ ಕಣ್ಣಿಗೆ ‘ಕ’. ಕಂಪ್ಯೂಟರಿನ ಮಟ್ಟಿಗೆ ಮಾತ್ರ ಅದು ಎಂದೂ ಕನ್ನಡವಾಗಿರಲೇ ಇಲ್ಲ. ಆ ಅಕ್ಷರಶೈಲಿಯ ಕಡತ ಯಂತ್ರದಲ್ಲಿ ಇರುವವರೆಗೆ ಪ್ರಸಂಗದ ಪದ್ಯ. ಇಲ್ಲದಿದ್ದರೆ ಪಿ, ಎ, ಪೌಂಡು.

ನಮ್ಮ ಮನೆಯ ಅಟ್ಟದಲ್ಲಿ ಒಂದು ಕಟ್ಟು ತಾಳೆಗರಿಯಿದೆ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಹೊಗೆ ತಾಗುವಲ್ಲಿ ಇಟ್ಟು ತಲೆಮಾರುಗಳಿಂದ ಕಾಪಾಡಿದ್ದಾರೆ, ಗರಿ ಇಂದಿಗೂ ಗಟ್ಟಿಯಾಗಿದೆ. ಲಿಪಿ ತಿಗಳಾರಿ. ಮನೆಯಲ್ಲಿ ಓದಬಲ್ಲವರು ಯಾರೂ ಇಲ್ಲ. ಮಾವನವರು ಅದನ್ನು ನೋಡಿ ಬೇಸರಪಡುತ್ತಿದ್ದರು, ಓದಿಸಬೇಕು ಎಂದು ಹೇಳುತ್ತಿದ್ದರು. ಆ ಲಿಪಿಗೂ 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಜಾಗ ಸಿಕ್ಕಿದೆ. ಅವರು ನೋಡಲಿಲ್ಲ. ಅವರೇ ಟೈಪು ಮಾಡಿದ ಪದ್ಯಗಳು ಇಪ್ಪತ್ತು ವರ್ಷಕ್ಕೇ ಆ ಗರಿಗಳ ಪಕ್ಕದಲ್ಲಿ ಕೂರುವಂತಾಗಿದ್ದು ನನಗೆ ಸಹಿಸಲಿಲ್ಲ. ಬೈಟುಗಳು ಸರಿಯಿವೆ ಎಂದು ಹೋಲಿಕೆಯ ಪರೀಕ್ಷೆ ಹೇಳಿದ್ದು ಗರಿ ಗಟ್ಟಿಯಿದೆ ಎಂದಷ್ಟೇ.

ಊರಿಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಕಂಪ್ಯೂಟರಿನಲ್ಲಿದ್ದ ನುಡಿಯ ಎಲ್ಲ ಅಕ್ಷರಶೈಲಿಗಳನ್ನು ಒಂದು ಫೋಲ್ಡರಿಗೆ ಹಾಕಿ ಅವನ್ನೂ ಬ್ಯಾಕಪ್ಪಿಗೆ ಸೇರಿಸಿದ್ದು. ಇದು ತುರ್ತು ಚಿಕಿತ್ಸೆ. ಎರಡನೆಯದು, ಪ್ರತಿ ಕಡತವನ್ನೂ ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತಿರುವಾಗಲೇ ಅಕ್ಷರಶೈಲಿ ಒಳಗೇ ಅಡಕವಾಗುವಂತೆ ಪಿಡಿಎಫ್ ಮಾಡಿದ್ದು. ಅದು ಯಾವ ಯಂತ್ರದಲ್ಲೂ ಇದ್ದಂತೆಯೇ ಕಾಣುತ್ತದೆ, ಆದರೆ ಹುಡುಕಲು, ತಿದ್ದಲು ಬರುವುದಿಲ್ಲ. ಮೂರನೆಯದೇ ನಿಜವಾದ ದುಡಿಮೆ: ಯೂನಿಕೋಡಿಗೆ ಪರಿವರ್ತನೆ.

ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ನೂರು ಪುಟವನ್ನು ಕ್ಷಣದಲ್ಲಿ ತಿರುಗಿಸುತ್ತವೆ. ತಿರುಗಿಸಿದ ಮೇಲೆ ಕೂತು ಓದಬೇಕು, ಅಲ್ಲಿ ಕ್ಷಣದ ಲೆಕ್ಕ ನಡೆಯುವುದಿಲ್ಲ. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ವ್ಯಂಜನದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರೇಫ ಮೊದಲು ಬರಬೇಕು. ಪರಿವರ್ತಕಕ್ಕೆ ಇದು ಗೊತ್ತು, ಆದರೂ ಎರಡು ಒತ್ತು ಕೂಡಿದಲ್ಲಿ ಆಗಾಗ ತಡವರಿಸುತ್ತದೆ. ಕಡತದ ನಡುವೆ ಮಾವನವರು ನಿಜವಾಗಿಯೇ ಇಂಗ್ಲಿಷಿನಲ್ಲಿ ಬರೆದಿದ್ದ ವಿಳಾಸ, ಔಷಧದ ಹೆಸರುಗಳು ವಿಚಿತ್ರ ಕನ್ನಡವಾಗಿ ಹೊರಬಂದವು, ಏಕೆಂದರೆ ಬರಿಯ ಪಠ್ಯವಾಗಿ ಅಂಟಿಸಿದಾಗ ಯಾವುದು ನುಡಿ, ಯಾವುದು ಇಂಗ್ಲಿಷ್ ಎಂಬ ಗುರುತೇ ಉಳಿದಿರುವುದಿಲ್ಲ. ಭಾಮಿನಿಯ ಆರು ಸಾಲುಗಳು ಒಂದೇ ಸಾಲಾಗಿ ಅಂಟಿಕೊಂಡಿದ್ದವು. ಅದನ್ನು ಬಿಡಿಸುವುದಕ್ಕೆ ಕಂಪ್ಯೂಟರಿನ ಜ್ಞಾನ ಬೇಕಿಲ್ಲ, ಛಂದಸ್ಸು ಗೊತ್ತಿರಬೇಕು. ಆ ಕೆಲಸಕ್ಕೆ ಅತ್ತೆಯವರು ಬಂದು ಪಕ್ಕದಲ್ಲಿ ಕೂತರು. ನಾನು ಓದುತ್ತಿದ್ದೆ, ಅವರು ಬೆರಳಿನಲ್ಲಿ ಮಾತ್ರೆ ಎಣಿಸಿ ಇಲ್ಲಿ ಮುರಿ ಎನ್ನುತ್ತಿದ್ದರು. ಆಷಾಢದ ಮಳೆ ಹಿಡಿದು ಅಂಗಳಕ್ಕೆ ಇಳಿಯಲಾಗದ ದಿನಗಳಲ್ಲಿ ಇದೇ ನಡೆಯಿತು. ಪದ್ಯಗಳು ಮುಗಿದಿವೆ, ಪತ್ರಗಳು ಇನ್ನೂ ಇವೆ. ಮೂಲ ನುಡಿಯ ಕಡತವನ್ನು ಮಾತ್ರ ಅಳಿಸಿಲ್ಲ. ಪರಿವರ್ತನೆಯ ತಪ್ಪು ಮುಂದೆ ಯಾರ ಕಣ್ಣಿಗಾದರೂ ಬಿದ್ದರೆ ಹೋಲಿಸಿ ನೋಡಲು ಅದು ಬೇಕು.

ಹೀಗೆ ಯೂನಿಕೋಡ್ ಆದದ್ದು, ಪಿಡಿಎಫ್, ಆ ಒಂದು ಹಳೆಯ ಫೋಟೊ ಮುಂತಾದ ಚಿಕ್ಕ ಗಂಟನ್ನು ಗೂಗಲ್ ಡ್ರೈವಿಗೂ ಹಾಕಿದೆ. ಅಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಜಿಮೇಲ್, ಫೋಟೊ, ಡ್ರೈವ್ ಮೂರಕ್ಕೂ ಸೇರಿ. 2021ರ ಜೂನ್‌ನಿಂದ ಫೋಟೊಗಳೂ ಆ ಲೆಕ್ಕಕ್ಕೆ ಬರುತ್ತವೆ. ಎಲ್ಲ 300 ಜಿಬಿಯನ್ನೂ ಹಣ ಕೊಟ್ಟು ಇಡಬಹುದಿತ್ತು. ಸೆಕೆಂಡಿಗೆ 20 ಮೆಗಾಬಿಟ್ ವೇಗ ಒಂದೇ ಸಮ ಸಿಕ್ಕರೂ ಅಷ್ಟನ್ನು ಮೇಲೇರಿಸಲು ಮೂವತ್ತಮೂರು ಗಂಟೆ ಬೇಕು, ಮಳೆಗಾಲದಲ್ಲಿ ನಮ್ಮೂರಿನಲ್ಲಿ ಒಂದೇ ಸಮ ಸಿಗುವುದು ಮಳೆ ಮಾತ್ರ. ಗೂಗಲ್ ಖಾತೆಯ ಇನ್ನೊಂದು ವಿಷಯವನ್ನೂ ನೋಡಿಕೊಂಡೆ. ಎರಡು ವರ್ಷ ಯಾರೂ ಒಳಹೊಕ್ಕದ ವೈಯಕ್ತಿಕ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸುವ ಕ್ರಮ ಶುರುವಾಗಿದೆ. ಮಾವನವರ ಖಾತೆಯ ಪಾಸ್‌ವರ್ಡ್ ಅವರ ಡೈರಿಯಲ್ಲಿ ಇತ್ತು, ಇವರು ಆಗಾಗ ತೆರೆದು ನೋಡುತ್ತಿದ್ದರು, ಹಾಗಾಗಿ ಪತ್ರಗಳು ಉಳಿದಿದ್ದವು. ನನ್ನ ಖಾತೆಯಲ್ಲಿ, ನಾನು ಇಷ್ಟು ತಿಂಗಳು ಬಾರದಿದ್ದರೆ ಮಗಳಿಗೆ ತಿಳಿಸಿ ಕಡತಗಳನ್ನು ಕೊಡಿ ಎಂಬ ಏರ್ಪಾಡನ್ನು ಮಾಡಿಟ್ಟೆ. ಮಗಳಿಗೆ ಫೋನಿನಲ್ಲಿ ಹೇಳಿದಾಗ, “ಅಮ್ಮ, ಬೇರೆ ಮಾತಿಲ್ಲವೇ ನಿನಗೆ” ಎಂದು ಇಟ್ಟುಬಿಟ್ಟಳು.

ಡಿಸ್ಕುಗಳಿಗೆ ಪಾಸ್‌ವರ್ಡಿನ ಬೀಗ ಹಾಕಬೇಕೇ ಎಂದು ಚರ್ಚೆಯಾಯಿತು. ಬ್ಯಾಂಕು, ಗುರುತಿನ ಚೀಟಿಗಳ ಫೋಲ್ಡರಿಗೆ ಮಾತ್ರ ಹಾಕಿದೆ. ಮಾವನವರ ಬರವಣಿಗೆಯನ್ನು ಯಾರಾದರೂ ಕದ್ದು ಓದಿದರೆ ಸಂತೋಷವೇ.

ಇಡುವ ಜಾಗದ ಬಗ್ಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚರ್ಮದ ಚಪ್ಪಲಿ, ಫೋಟೊ ಆಲ್ಬಂ, ಬೆಲ್ಟು ಎಲ್ಲಕ್ಕೂ ಬೂಷ್ಟು ಬರುತ್ತದೆ. ಹಳೆಯ ಸಿಡಿಗಳಲ್ಲಿ ಕೆಲವು ಅಂಚಿನಿಂದ ಮಸುಕಾಗಿ ಓದುವುದನ್ನೇ ನಿಲ್ಲಿಸಿವೆ. ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಪೆಟ್ಟಿಗೆಯೆಂದು ನಾವು ತಿಳಿಯುತ್ತೇವೆ. ಸಾಮಾನ್ಯ ಡಿಸ್ಕುಗಳಿಗೆ ಗಾಳಿಯ ಒತ್ತಡ ಸಮವಾಗಲೆಂದು ಸೋಸುವ ಪರದೆಯಿರುವ ಸಣ್ಣ ರಂಧ್ರವಿರುತ್ತದೆ, ತೇವಕ್ಕೆ ಅಷ್ಟು ಸಾಕು. ನಮ್ಮದು ಈಗ ರಬ್ಬರ್ ಅಂಚಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ಲಿನ ಜೊತೆ ಇದೆ. ನೀಲಿ ಹರಳು ತೇವ ಕುಡಿದು ಗುಲಾಬಿಯಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿದರೆ ಮತ್ತೆ ನೀಲಿ. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು, ಆ ಬಣ್ಣದಲ್ಲಿ ಕೋಬಾಲ್ಟ್ ಇರುತ್ತದೆ.

ಮಂಡಿಗೆ, ಮದುವೆಗೆ, ಆಸ್ಪತ್ರೆಗೆ ಎಂದು ಶಿವಮೊಗ್ಗಕ್ಕೆ ಹೋದಾಗಲೆಲ್ಲ ಮನೆಯ ಡಿಸ್ಕ್ ಅಲ್ಲಿಗೆ, ಅಲ್ಲಿಯದು ಇಲ್ಲಿಗೆ. ಏನು ಎಲ್ಲಿದೆ, ಯಾವುದರಿಂದ ತೆರೆಯಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಕಪಾಟಿನಲ್ಲಿ ಪತ್ರಗಳ ಜೊತೆ ಇಟ್ಟಿದ್ದೇನೆ. ನುಡಿಯ ಅಕ್ಷರಶೈಲಿ ಇರುವ ಫೋಲ್ಡರಿನ ಹೆಸರನ್ನು ಕೆಂಪು ಮಸಿಯಲ್ಲಿ ಬರೆದಿದೆ.

ಇನ್ನು ಬಾಕಿ ಇರುವುದು ನಮ್ಮ ಮದುವೆಯ ವಿಎಚ್‌ಎಸ್ ಕ್ಯಾಸೆಟ್. ಅದರ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಾಣುತ್ತಿದೆ. ತಾಳಗುಪ್ಪದ ಕಡೆ ಒಬ್ಬರ ಬಳಿ ಓಡುವ ವಿಸಿಆರ್ ಇದೆಯೆಂದು ತಿಳಿದು ಫೋನು ಮಾಡಿದೆ. ಬೂಷ್ಟು ಇರುವ ಟೇಪನ್ನು ಹಾಗೆಯೇ ಹಾಕಿದರೆ ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಹರಡುತ್ತದೆ, ಮೊದಲು ಒಣಗಿಸಿ ಒರೆಸಿ ತನ್ನಿ ಎಂದರು. ಒಂದು ವಾರ ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿ ಇಟ್ಟು ಬರುವ ಭಾನುವಾರ ಒಯ್ಯುವುದೆಂದು ಆಗಿದೆ.